ದಾರ್ಶನಿಕನೂ ಪತ್ತೇದಾರನೂ: ಬಿಜ್ಜಳನ ಕೊಲೆಯ ಕಥೆಯನ್ನು ಕುರಿತು ಒಂದು ವಿಚಾರ

ಪತ್ತೇದಾರಿ ಕಾದಂಬರಿಯ ಹೆಸರೆತ್ತಿದರೆ ನಮ್ಮ ವಿದ್ವದ್ವರ್ಗದಲ್ಲಿ ಇಂದಿಗೂ ಒಂದು ಮುಗುಳ್ನಗೆ ಮೂಡುವುದುಂಟು. ರೈಲಿನಲ್ಲಿ ಓದಿ, ಇಳಿಯುವಾಗ ಆಸನದ ಮೇಲೆಯೇ ಬಿಟ್ಟುಹೋಗಬಹುದಾದ ಪುಸ್ತಕ ಅದು ಎಂಬ ಭಾವನೆ ಬಲವಾಗಿದೆ. ಪ್ರಾಥಮಿಕ ಶಾಲೆಯ ನಾಲ್ಕು ತರಗತಿಗಳಷ್ಟೇ ಓದಿ ಐನೂರಕ್ಕೂ ಮಿಕ್ಕ ಪತ್ತೇದಾರಿ ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರು ಕನ್ನಡದಲ್ಲಿ ಎಷ್ಟು ಸಾವಿರ ಜನರಿಗೆ ಓದುವ ಚಟ ಹತ್ತಿಸಿದರೆಂಬುದನ್ನು ನಮ್ಮ ಸಾಹಿತ್ಯಚರಿತ್ರೆಗಳು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತವೆ. ಆ ಅನ್ಯಾಯದ ವಿಚಾರ ಬೇರೊಂದು ಲೇಖನಕ್ಕೆ ವಸ್ತುವಾದೀತು. ಪ್ರಕೃತ ನನ್ನ ಉದ್ದೇಶ ಬೇರೆ. ಪಶ್ಚಿಮದಲ್ಲಿ ಸುಮಾರು ಅರ್ಧ ಶತಮಾನದಿಂದ ಬೆಳೆದು ಬಂದಿರುವ ಒಂದು ವಿಚಿತ್ರ ಪ್ರಭೇದವನ್ನು ಎದುರಿಗಿಟ್ಟುಕೊಂಡು, ಅದರ ಬೆಳಕಿನಲ್ಲಿ ನಮ್ಮ ನಾಡಿನದೇ ಒಂದು ಹಳೆಯ ಕೊಲೆಯ ಕಥೆಯನ್ನು ಪರಿಶೀಲಿಸಬೇಕೆಂದು ಹೊರಟಿದ್ದೇನೆ.

ಆ ಪ್ರಭೇದದಲ್ಲಿ ಪತ್ತೇದಾರನು ಪೋಲೀಸಿನವನಲ್ಲ; ಲೋಕಪ್ರಸಿದ್ಧನಾದ ದಾರ್ಶನಿಕ. 1978ರಲ್ಲಿ ಮಾರ್ಗರೆಟ್ ಡೂಡಿ ಎಂಬ ವಿದುಷಿ ‘ಅರಿಸ್ಟಾಟಲ್ ಡಿಟೆಕ್ಟಿವ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಕಥೆ ನಡೆಯುವುದು ಕ್ರಿ.ಪೂ. 332ರ ಅಥೆನ್ಸ್ ನಗರದಲ್ಲಿ. ಬೂಟಾಡಿಸ್ ಎಂಬ ಶ್ರೀಮಂತ ಬಾಣದೇಟಿನಿಂದ ಸತ್ತಿದ್ದಾನೆ. ದೇಶಭ್ರಷ್ಟನಾಗಿರುವ ಫಿಲೆಮೋನನ ಮೇಲೆ ಕೊಲೆಯ ಆಪಾದನೆ ಬಂದಿದೆ. ಅವನ ಪರವಾಗಿ ನ್ಯಾಯಸಭೆಯಲ್ಲಿ ನಿಂತು ಮಾತನಾಡಬೇಕಾದ ಹೊಣೆ ಬಂಧುವಾದ ಸ್ಟೆಫನೋಸನ ತಲೆಯ ಮೇಲೆ ಬಿದ್ದಿದೆ. ದಿಕ್ಕುಗಾಣದ ಆ ತರುಣ ತನ್ನ ಗುರು ಅರಿಸ್ಟಾಟಲನ ಬಳಿಗೆ ಹೋಗುತ್ತಾನೆ. ಗುರುವಿನ ಹೆಸರು ಇಲ್ಲಿ ಬರಿಯ ಅಲಂಕಾರವಾಗಿಲ್ಲ ಎಂಬುದೇ ಈ ಕೃತಿಯ ಮೆಚ್ಚಬೇಕಾದ ಗುಣ. ಸಾಕ್ಷಿಯ ಮಾತನ್ನು ಹೇಗೆ ತೂಗಬೇಕು, ಸಂಭವನೀಯವಾದುದಕ್ಕೂ ಸಿದ್ಧವಾದುದಕ್ಕೂ ಅಂತರವೇನು, ಸಭೆಯ ಮನಸ್ಸು ಯಾವ ಮಾತಿಗೆ ಒಲಿಯುತ್ತದೆ – ಅರಿಸ್ಟಾಟಲನು ತನ್ನ ವಾಗ್ಮಿತಾಶಾಸ್ತ್ರದಲ್ಲಿ ವಿವೇಚಿಸಿದ ಇಂಥ ಪ್ರಶ್ನೆಗಳೇ ಕಥೆಯ ಕೀಲುಗಳಾಗಿವೆ.

ಡೂಡಿಯವರ ಕೃತಿ ಬಂದ ಎರಡು ವರ್ಷಗಳಲ್ಲಿ, 1980ರಲ್ಲಿ, ಇಟಲಿಯ ಉಂಬೆರ್ತೊ ಎಕೊ ‘ಗುಲಾಬಿಯ ಹೆಸರು’ ಎಂಬರ್ಥದ ತನ್ನ ಪ್ರಸಿದ್ಧ ಕಾದಂಬರಿಯನ್ನು ಹೊರತಂದ. ಅಲ್ಲಿಯ ಪತ್ತೇದಾರ ವಿಲಿಯಂ ಎಂಬ ಸಂನ್ಯಾಸಿ ಕಲ್ಪಿತ ವ್ಯಕ್ತಿ; ಆದರೆ ಅವನು ರೋಜರ್ ಬೇಕನನ ಶಿಷ್ಯ, ಆಕಮ್‌ನ ವಿಲಿಯಮನ ಗೆಳೆಯ. 1327ರಲ್ಲಿ ಒಂದು ಮಠದಲ್ಲಿ ನಡೆಯುವ ಸಾವುಗಳ ಹಿಂದೆ ಅವನು ಒಂದು ಕ್ರಮವನ್ನು ಊಹಿಸುತ್ತಾನೆ. ಆ ಕ್ರಮ ಸುಳ್ಳು. ಆದರೂ ಅದನ್ನು ಹಿಡಿದು ನಡೆದು ಅಪರಾಧಿಯ ಬಳಿಗೆ ತಲಪುತ್ತಾನೆ. ತಪ್ಪು ಅನುಮಾನದಿಂದ ಸರಿಯಾದ ಫಲ! ನಮ್ಮ ನೈಯಾಯಿಕರಿಗೆ ಈ ಪ್ರಸಂಗ ಹೊಸದೇನಲ್ಲ: ದೂರದ ಧೂಳನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯಿದೆಯೆಂದು ನಿಶ್ಚಯಿಸಿದವನಿಗೆ ಅಲ್ಲಿ ನಿಜವಾಗಿಯೇ ಬೆಂಕಿ ಸಿಕ್ಕರೆ, ಅವನ ಜ್ಞಾನವನ್ನು ಪ್ರಮೆ ಎನ್ನಬಹುದೇ ಎಂದು ಅವರು ಚರ್ಚಿಸಿದವರೇ. ಮೈಕೆಲ್ ಗ್ರೆಗೊರಿಯೊ ಎಂಬ ಕಾವ್ಯನಾಮದಲ್ಲಿ ದಂಪತಿಗಳಿಬ್ಬರು 2006ರಲ್ಲಿ ಪ್ರಕಟಿಸಿದ ‘ಕ್ರಿಟಿಕ್ ಆಫ್ ಕ್ರಿಮಿನಲ್ ರೀಸನ್’ ಇನ್ನೊಂದು ಉದಾಹರಣೆ. 1804ರಲ್ಲಿ, ತನ್ನ ಬಾಳಿನ ಕೊನೆಯ ದಿನಗಳಲ್ಲಿ, ಇಮ್ಯಾನುಯೆಲ್ ಕಾಂಟನು ಒಬ್ಬ ತರುಣ ನ್ಯಾಯಾಧಿಕಾರಿಗೆ ದಾರಿ ತೋರಿಸುತ್ತಾನೆ. ಕಥೆ ಮುಂದುವರಿದಂತೆ ಆ ಮಹಾನುಭಾವನೇ ಶಂಕೆಯ ನೆರಳಿಗೆ ಬಂದು ನಿಲ್ಲುತ್ತಾನೆ. ಕೃತಿ ಎಕೊನ ಎತ್ತರಕ್ಕೆ ಏರುವುದಿಲ್ಲ. ಆದರೆ ತರ್ಕದ ಗುರುವನ್ನು ಅನುಮಾನಿಸುವ ಅದರ ಧೈರ್ಯ ಗಮನಾರ್ಹವಾದುದು.

ಈ ಮೂರನ್ನೂ ಓದಿದ ಮೇಲೆ ನನಗೆ ತೋರುವ ಒರೆಗಲ್ಲು ಇಷ್ಟೆ: ದಾರ್ಶನಿಕನ ಹೆಸರನ್ನು ತೆಗೆದು ಬೇರೆ ಯಾವನೋ ಜಾಣನ ಹೆಸರನ್ನಿಟ್ಟರೂ ಕಥೆ ಹಾಗೆಯೇ ನಡೆಯುವುದಾದರೆ ಆ ಕೃತಿ ಕೇವಲ ವೇಷ; ನಡೆಯಲಾರದೆ ಕುಸಿಯುವುದಾದರೆ ಅದು ಸಾಹಿತ್ಯವಾಗುವ ಹಾದಿಯಲ್ಲಿದೆ.

ಇಂಥದು ನಮ್ಮಲ್ಲಿ ಉಂಟೇ? ಇಲ್ಲವೆಂದು ಹೇಳುವ ಮೊದಲು ‘ಮುದ್ರಾರಾಕ್ಷಸ’ವನ್ನು ನೆನೆಯಬೇಕು. ವಿಶಾಖದತ್ತನ ಈ ನಾಟಕದ ಕಥೆಯನ್ನು, ಅದರ ಹಿನ್ನೆಲೆಯನ್ನೂ ಕೂಡಿಸಿಕೊಂಡು, ಕೆಂಪುನಾರಾಯಣನು 1823ರಲ್ಲಿ ‘ಮುದ್ರಾಮಂಜೂಷ’ವೆಂಬ ಗದ್ಯಕೃತಿಯಾಗಿ ಕನ್ನಡಕ್ಕೆ ತಂದನು. ನಮ್ಮ ಹೊಸ ಗದ್ಯಕಥನದ ಹೊಸ್ತಿಲಲ್ಲಿಯೇ ಕೊಲೆ, ವಿಷ, ಗೂಢಚರ, ಸುಳ್ಳುಪತ್ರಗಳ ಒಂದು ಕಥೆ ನಿಂತಿದೆ ಎಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ. ಅದರ ನಾಯಕ ಚಾಣಕ್ಯ. ಸಂಪ್ರದಾಯದ ಪ್ರಕಾರ ಅರ್ಥಶಾಸ್ತ್ರವನ್ನು ರಚಿಸಿದ ಕೌಟಿಲ್ಯನೂ ಅವನೇ. ಈ ಐಕ್ಯವನ್ನು ಪ್ರಶ್ನಿಸಿದ ವಿದ್ವಾಂಸರಿದ್ದಾರೆ. ಆ ವಿವಾದ ಇಲ್ಲಿ ನಮಗೆ ಬಾಧಕವಲ್ಲ.

ಮುದ್ರಾರಾಕ್ಷಸದಲ್ಲಿ ಒಂದು ಅಪೂರ್ವ ಸನ್ನಿವೇಶವಿದೆ. ಯಮಪಟವನ್ನು ತೋರಿಸಿ ಹಾಡುವ ಭಿಕ್ಷುಕನ ವೇಷದಲ್ಲಿ ಚಾಣಕ್ಯನ ಚಾರನು ಚಂದನದಾಸನ ಮನೆಯನ್ನು ಹೊಕ್ಕಿದ್ದಾನೆ. ಕುತೂಹಲದಿಂದ ಹೊರಗೋಡಿ ಬಂದ ಐದು ವರ್ಷದ ಬಾಲಕನನ್ನು ಒಳಗೆಳೆದುಕೊಳ್ಳಲು ಒಬ್ಬ ಹೆಂಗಸು ಕೈ ಚಾಚುತ್ತಾಳೆ. ಗಂಡಸಿನ ಬೆರಳಿಗೆ ಮಾಡಿಸಿದ ಉಂಗುರ ಸಡಿಲವಾಗಿ ಕಳಚಿ ಉರುಳಿ ಚಾರನ ಕಾಲಬಳಿಗೆ ಬರುತ್ತದೆ. ಅದರ ಮೇಲೆ ಅಮಾತ್ಯರಾಕ್ಷಸನ ಹೆಸರು! ರಾಕ್ಷಸನ ಕುಟುಂಬ ಎಲ್ಲಿ ಅಡಗಿದೆಯೆಂಬುದು ಆ ಕ್ಷಣದಲ್ಲಿ ಬಯಲಾಗುತ್ತದೆ. ಜಗತ್ತಿನ ಯಾವ ಪತ್ತೇದಾರಿ ಕಥೆಗೂ ಈ ಸುಳಿವು ಮೆರುಗು ತರಬಲ್ಲುದು. ಆದರೆ ಆ ಉಂಗುರವನ್ನು ಚಾಣಕ್ಯನು ಮಾಡುವುದೇನು? ಶಕಟದಾಸನ ಕೈಯಿಂದ, ಅವನಿಗೇ ಅರಿವಾಗದಂತೆ, ಒಂದು ಪತ್ರವನ್ನು ಬರೆಯಿಸಿ ಅದಕ್ಕೆ ರಾಕ್ಷಸನ ಮುದ್ರೆಯೊತ್ತಿಸುತ್ತಾನೆ. ಸಿಕ್ಕ ಕುರುಹು ಸತ್ಯಶೋಧನೆಗೆ ಬರುವುದಿಲ್ಲ. ಸುಳ್ಳುಸಾಕ್ಷ್ಯದ ನಿರ್ಮಾಣಕ್ಕೆ ಬರುತ್ತದೆ. ಪರ್ವತಕನ ಕೊಲೆಯ ವಿಷಯವೂ ಹೀಗೆಯೇ: ಚಂದ್ರಗುಪ್ತನಿಗೆಂದು ರಾಕ್ಷಸನು ಕಳಿಸಿದ ವಿಷಕನ್ಯೆಯನ್ನು ಪರ್ವತಕನ ಕಡೆಗೆ ತಿರುಗಿಸಿದವನು ಚಾಣಕ್ಯ, ಕೊಲೆ ಮಾಡಿಸಿದವನು ರಾಕ್ಷಸನೆಂಬ ಸುದ್ದಿಯನ್ನು ಹಬ್ಬಿಸಿದವನೂ ಅವನೇ. ಅಪರಾಧವನ್ನು ಬಿಡಿಸುವವನೂ ಹೆಣೆಯುವವನೂ ಒಬ್ಬನೇ ಆದ ಮೇಲೆ ಪತ್ತೆ ಹಚ್ಚುವುದು ಯಾರನ್ನು?

ಅದೇ ಕೌಟಿಲ್ಯನ ಶಾಸ್ತ್ರವನ್ನು ತೆರೆದು ನೋಡಿದರೆ ನಾಲ್ಕನೆಯ ಅಧಿಕರಣದಲ್ಲಿ ‘ಆಶುಮೃತಕಪರೀಕ್ಷೆ’ ಎಂಬ ಪ್ರಕರಣವಿದೆ. ಇದ್ದಕ್ಕಿದ್ದಂತೆ ಸತ್ತವನ ಶವಕ್ಕೆ ಎಣ್ಣೆ ಸವರಿ ಪರೀಕ್ಷಿಸಬೇಕು. ಕೈಕಾಲು ಬಾತು ಕಣ್ಣು ತೆರೆದಿದ್ದು ಕೊರಳಲ್ಲಿ ಗುರುತಿದ್ದರೆ ಉಸಿರುಕಟ್ಟಿಸಿ ಕೊಂದದ್ದು. ಕೈಕಾಲು, ಹಲ್ಲು, ಉಗುರುಗಳು ಕಪ್ಪಾಗಿ ಬಾಯಲ್ಲಿ ನೊರೆಯಿದ್ದರೆ ವಿಷ. ಉಂಡು ಉಳಿದ ಅನ್ನವನ್ನು ಪರೀಕ್ಷಿಸಬೇಕು. ಕೊಂದು ಆಮೇಲೆ ನೇಣಿಗೆ ಹಾಕಿದರೇ ಎಂದು ವಿಚಾರಿಸಬೇಕು. ಸತ್ತವನು ಯಾರ ಜೊತೆ ಹೋಗಿದ್ದ, ಅವನನ್ನು ಕರೆದವರಾರು ಎಂದು ಸಮೀಪದವರನ್ನು ಕೇಳಬೇಕು. ಇಂದಿನ ಪಂಚನಾಮೆಗೆ ಇದಕ್ಕಿಂತ ಹೆಚ್ಚೇನು ಬೇಕು? ಈ ಗ್ರಂಥದ ತಾಳೆಯ ಪ್ರತಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾಯಿತು. ಅಂದರೆ ಕೆಂಪುನಾರಾಯಣನು ಮೈಸೂರಿನಲ್ಲಿ ಚಾಣಕ್ಯನ ಕಥೆಯನ್ನು ಬರೆದಾಗ, ಚಾಣಕ್ಯನು ಶವದ ಮುಂದೆ ಕುಳಿತು ಹೇಗೆ ವಿಚಾರ ಮಾಡುತ್ತಿದ್ದನೆಂಬುದನ್ನು ತಿಳಿಯುವ ಅನುಕೂಲ ಅವನಿಗಿರಲಿಲ್ಲ. ಅರ್ಥಶಾಸ್ತ್ರ ಅಚ್ಚಾದ ನಂತರ ಬಂದ ನಮ್ಮ ಕಾದಂಬರಿಕಾರರಿಗೆ ಆ ನೆಪವಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಕನ್ನಡ ನಾಡಿನ ಇತಿಹಾಸದಲ್ಲಿ ಅತ್ಯಂತ ಪ್ರಸಿದ್ಧವಾದ ರಾಜಹತ್ಯೆ ಕಳಚುರಿ ಬಿಜ್ಜಳನದು. 1162ರ ಹೊತ್ತಿಗೆ ಚಾಲುಕ್ಯರ ಸಿಂಹಾಸನವನ್ನು ತನ್ನದಾಗಿಸಿಕೊಂಡ ಈ ಅರಸನ ಅಂತ್ಯ 1167–68ರ ಸುಮಾರಿಗೆ ಆಯಿತು. ಕಲ್ಯಾಣ ನಮಗೆ ದೂರದ ಊರಲ್ಲ. 1956ರವರೆಗೆ ಅದು ಹೈದರಾಬಾದು ಸಂಸ್ಥಾನದ, ಬಳಿಕ ಹೈದರಾಬಾದು ರಾಜ್ಯದ ಭಾಗವಾಗಿತ್ತು. ಲಿಂಗಂಪಲ್ಲಿಯಿಂದ ಪಶ್ಚಿಮಕ್ಕೆ ಇನ್ನೂರು ಕಿಲೋಮೀಟರಿನೊಳಗೆ ಬಸವಕಲ್ಯಾಣವಿದೆ. ಪೂರ್ವಕ್ಕೆ ಅಷ್ಟರೊಳಗೆಯೇ, ಜನಗಾಮ ಸೀಮೆಯಲ್ಲಿ, ಪಾಲಕುರ್ತಿಯಿದೆ. ಪಾಲ್ಕುರಿಕೆ ಸೋಮನಾಥನ ಊರು ಅದು. ಕೊಲೆ ನಡೆದ ಸ್ಥಳವೊಂದು ಕಡೆ, ಅದರ ಮೊದಲ ವಿವರವಾದ ಹೇಳಿಕೆಯನ್ನು ಬರೆದವನ ಸ್ಥಳ ಇನ್ನೊಂದು ಕಡೆ. ನಡುವೆ ನಮ್ಮ ನಗರ. ಹೀಗೆ ನೋಡಿದಾಗ ಈ ವಿಚಾರ ನಮಗೆ ಸಲ್ಲುವ ವಿಚಾರವೇ ಸರಿ.

ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಕರೆಯೋಣ. ಮೊದಲು ಬರಬೇಕಾದವನು ಹರಿಹರ. ಬಸವಣ್ಣನನ್ನು ಕುರಿತ ಅವನ ರಗಳೆ ಕನ್ನಡದ ಹಳೆಯ ಬಸವಚರಿತೆ. ಆದರೆ ಅದು ಅಪೂರ್ಣವಾಗಿ ದೊರೆತಿದೆ. ನಮಗೆ ಬೇಕಾದ ಕೊನೆಯ ಕಥೆ ದೊರೆತ ಭಾಗದಲ್ಲಿಲ್ಲ. ಪತ್ತೇದಾರಿ ಕಾದಂಬರಿಕಾರನು ಬೇಕೆಂದೇ ಕಲ್ಪಿಸಿದ್ದರೆ ನಾವು ನಂಬದೆ ಹೋಗಬಹುದಾಗಿದ್ದ ಸನ್ನಿವೇಶ ಇದು: ಮುಖ್ಯ ಸಾಕ್ಷಿಯ ಹೇಳಿಕೆಯ ಕೊನೆಯ ಹಾಳೆಗಳೇ ಇಲ್ಲ.

ಎರಡನೆಯವನು ಹದಿಮೂರನೆಯ ಶತಮಾನದ ಸೋಮನಾಥ, ತೆಲುಗಿನಲ್ಲಿ. ಅವನನ್ನು ಅನುಸರಿಸಿ 1369ರಲ್ಲಿ ಕನ್ನಡದಲ್ಲಿ ಬಸವಪುರಾಣವನ್ನು ಬರೆದ ಭೀಮಕವಿ. ಇವರ ಹೇಳಿಕೆಯ ತಿರುಳು ಇದು: ಬಿಜ್ಜಳನು ಇಬ್ಬರು ಶರಣರ ಕಣ್ಣು ಕೀಳಿಸಿದ, ಬಸವಣ್ಣನು ಕಲ್ಯಾಣವನ್ನು ತೊರೆದು ಕೂಡಲಸಂಗಮಕ್ಕೆ ಹೋದ, ಜಗದೇವನು ತನ್ನ ಸಂಗಡಿಗರೊಡನೆ ಅರಮನೆಯನ್ನು ಹೊಕ್ಕು ಅರಸನನ್ನು ಇರಿದು ಕೊಂದ. ಸ್ಥಳ ಕಲ್ಯಾಣ, ಆಯುಧ ಲೋಹ, ಕೊಂದವರು ಬಹಿರಂಗ. ಭಕ್ತಕವಿಗೆ ಇಲ್ಲಿ ಮುಚ್ಚಿಡಬೇಕಾದುದೇನೂ ಇಲ್ಲ. ಅವನ ದೃಷ್ಟಿಯಲ್ಲಿ ಇದು ಶಿವದ್ರೋಹಕ್ಕೆ ಸಂದ ದಂಡ.

ಮೂರನೆಯವನು ಹದಿನೇಳನೆಯ ಶತಮಾನದ ಜೈನಕವಿ ಧರಣಿಪಂಡಿತ. ಅವನ ಬಿಜ್ಜಳರಾಯಚರಿತೆಯ ಪ್ರಕಾರ ಅರಸನು ಕೊಲ್ಲಾಪುರದ ಶಿಲಾಹಾರರ ಮೇಲೆ ದಂಡೆತ್ತಿ ಹೋಗಿ ಹಿಂದಿರುಗುವಾಗ ಭೀಮಾನದಿಯ ದಡದಲ್ಲಿ ಬೀಡುಬಿಟ್ಟಿದ್ದನು. ಬಸವನು ಜೈನವೇಷದ ಜಂಗಮನ ಮೂಲಕ ವಿಷದ ಹಣ್ಣನ್ನು ಕಳಿಸಿದನು. ಅದನ್ನು ಮೂಸಿ ಅರಸನು ಸತ್ತನು. ಮಗನು ಬೆನ್ನಟ್ಟಿದಾಗ ಬಸವನು ಪಡುವಣ ಕರಾವಳಿಯ ಕಡೆಯ ವೃಷಭಪುರಕ್ಕೆ ಓಡಿ ಬಾವಿಗೆ ಬಿದ್ದನು. ಇಲ್ಲಿ ಸ್ಥಳ ಬೇರೆ, ಸಾಧನ ಬೇರೆ, ಕೊಲೆಗಾರ ಬೇರೆ, ಕೊಲೆಗಾರನೆನ್ನಿಸಿಕೊಂಡವನ ಅಂತ್ಯವೂ ಬೇರೆ. ಕೌಟಿಲ್ಯನ ಪ್ರಕರಣವನ್ನು ಬಲ್ಲ ಒಬ್ಬ ಅಧಿಕಾರಿ ಶವವನ್ನು ಒಂದು ಗಳಿಗೆ ನೋಡಿದ್ದರೆ ಸಾಕಾಗಿತ್ತು: ಮೈಮೇಲೆ ಇರಿತವೋ, ಉಗುರುಗಳಲ್ಲಿ ಕಪ್ಪೋ? ಆದರೆ ಶವವಿಲ್ಲ. ಸಮಕಾಲೀನ ಶಾಸನಗಳು ಮಗನಾದ ಸೋವಿದೇವನ ಆಳ್ವಿಕೆ ಆರಂಭವಾದುದನ್ನು ತಿಳಿಸುತ್ತವೆಯೇ ಹೊರತು ತಂದೆ ಸತ್ತ ರೀತಿಯನ್ನು ವರ್ಣಿಸುವ ಗೋಜಿಗೆ ಹೋಗುವುದಿಲ್ಲ.

ಅವಸರದ ಓದುಗನು ಇಲ್ಲಿ ಒಂದು ತೀರ್ಪನ್ನು ಕೊಟ್ಟುಬಿಡುತ್ತಾನೆ: ಹಳೆಯ ಸಾಕ್ಷಿ ಸತ್ಯ, ಐನೂರು ವರ್ಷಗಳ ನಂತರದ ಸಾಕ್ಷಿ ಮತದ್ವೇಷ. ಕಾಲದ ತೂಕ ಸೋಮನಾಥನ ಕಡೆಗಿದೆ ಎಂಬುದು ನನಗೂ ಒಪ್ಪಿಗೆಯೇ. ವಿಷದ ಹಣ್ಣು, ವೇಷ ಮರೆಸಿದ ದೂತ ಮುಂತಾದವು ಕಥೆಗಾರರ ಹಳೆಯ ಸಾಮಗ್ರಿ. ಆದರೂ ಒಂದು ಎಚ್ಚರ ಬೇಕು. ಮೊದಲನೆಯ ಹೇಳಿಕೆಯಲ್ಲಿಯೂ ಕಥೆಯ ಕಟ್ಟು ಎದ್ದು ಕಾಣುತ್ತದೆ: ಅಪರಾಧ, ಶಾಪ, ನಿರ್ಗಮನ, ಪ್ರತೀಕಾರ – ಎಲ್ಲವೂ ಪುರಾಣಕ್ಕೆ ಒಪ್ಪುವ ಕ್ರಮದಲ್ಲಿ. ಗುರುವು ಊರನ್ನು ಬಿಟ್ಟ ನಂತರವೇ ಕೊಲೆ ನಡೆಯುವುದು ಗುರುವಿಗೆ ಅನುಕೂಲವಾದ ಕ್ರಮ. ನ್ಯಾಯಸಭೆಯಲ್ಲಿ ಎದುರು ಪಕ್ಷದವನು ಇದನ್ನು ಎತ್ತದೆ ಬಿಡುವುದಿಲ್ಲ. ಎಕೊನ ವಿಲಿಯಮನು ಕಲಿತ ಪಾಠವನ್ನು ಇಲ್ಲಿ ನೆನೆಯಬೇಕು: ಘಟನೆಗಳು ಅಂದವಾದ ಕ್ರಮದಲ್ಲಿ ಕೂತಿವೆಯೆಂಬುದೇ ಅವು ಹಾಗೆ ನಡೆದುವೆಂಬುದಕ್ಕೆ ಪ್ರಮಾಣವಾಗಲಾರದು. ಅಬ್ಬಲೂರಿನ ಶಾಸನವನ್ನೂ ಈ ಕಡತದಲ್ಲಿ ಇಡಬೇಕು. ಅದರಲ್ಲಿ ಏಕಾಂತದ ರಾಮಯ್ಯನಿಗೂ ಜೈನರಿಗೂ ನಡೆದ ವಿವಾದ ಬಿಜ್ಜಳನ ಮುಂದೆ ಬರುತ್ತದೆ. ಅರಸನು ವಿಚಾರಿಸಿ ಶೈವನಾದ ರಾಮಯ್ಯನಿಗೆ ಜಯಪತ್ರವನ್ನು ಕೊಡುತ್ತಾನೆ. ಎರಡು ಪುರಾಣಗಳೂ ತಮ್ಮ ತಮ್ಮ ಅಗತ್ಯಕ್ಕೆ ತಕ್ಕಂತೆ ಚಿತ್ರಿಸಿದ ಬಿಜ್ಜಳನಿಗಿಂತ ಕಲ್ಲಿನ ಈ ಬಿಜ್ಜಳ ಭಿನ್ನನು. ಕೊಲೆಯಾದವನೇ ಇಲ್ಲಿ ನ್ಯಾಯಾಧೀಶ!

ಈ ವಸ್ತುವನ್ನು ನಮ್ಮ ಲೇಖಕರು ಕೈಬಿಟ್ಟವರಲ್ಲ. ಬಿ. ಪುಟ್ಟಸ್ವಾಮಯ್ಯನವರು ಆರು ಕಾದಂಬರಿಗಳ ಮಾಲೆಯನ್ನೇ ಬರೆದರು. ಅದರ ಕೊನೆಯದಾದ ‘ಕ್ರಾಂತಿ ಕಲ್ಯಾಣ’ಕ್ಕೆ 1964ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಲಂಕೇಶರ ‘ಸಂಕ್ರಾಂತಿ’, ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ – ಮೂವರು ನಾಟಕಕಾರರು ಅದೇ ಬೂದಿಯನ್ನು ಕೆದಕಿದರು. ಆದರೆ ಯಾರೂ ಇದನ್ನು ರಹಸ್ಯವೆಂದು ಎಣಿಸಲಿಲ್ಲ. 1990ರ ‘ತಲೆದಂಡ’ದಲ್ಲಿ ಜಗದೇವನು ಬಿಜ್ಜಳನನ್ನು ಇರಿಯುವುದು ಪ್ರೇಕ್ಷಕರ ಕಣ್ಣೆದುರಿಗೇ. ಕೊಂದ ಕೈ ಯಾರದೆಂಬ ಪ್ರಶ್ನೆಗೆ ಅಲ್ಲಿ ಬೆಲೆಯಿಲ್ಲ. ಸಾವಿನಿಂದ ಲಾಭ ಯಾರಿಗಾಯಿತೆಂಬ ಪ್ರಶ್ನೆಗೆ ಬೆಲೆಯಿದೆ, ಮತ್ತು ಆ ಪ್ರಶ್ನೆ ಸೋವಿದೇವನ ಪಟ್ಟಾಭಿಷೇಕದವರೆಗೆ ನಮ್ಮನ್ನು ಕರೆದೊಯ್ಯುತ್ತದೆ. ನನ್ನ ದೃಷ್ಟಿಯಲ್ಲಿ ಕಾರ್ನಾಡರು ಈ ಮೂವರಲ್ಲಿ ಪತ್ತೇದಾರಬುದ್ಧಿಗೆ ಹೆಚ್ಚು ಹತ್ತಿರದವರು.

ಹಾಗಾದರೆ ಕಲ್ಯಾಣದಲ್ಲಿ ಪತ್ತೇದಾರನಾಗಬಲ್ಲ ದಾರ್ಶನಿಕ ಯಾರು? ಬಸವಣ್ಣನು ಆಗಲಾರನು, ಒಂದು ಹೇಳಿಕೆಯಲ್ಲಿ ಅವನೇ ಆಪಾದಿತ. ಅಲ್ಲಮಪ್ರಭುವಿನ ಹೆಸರು ಸಹಜವಾಗಿ ಮನಸ್ಸಿಗೆ ಬರುತ್ತದೆ. ಶೂನ್ಯಸಂಪಾದನೆಯ ಅಲ್ಲಮನಷ್ಟು ಕಠಿಣವಾಗಿ ಪಾಟೀಸವಾಲು ಮಾಡುವವನು ನಮ್ಮ ಸಾಹಿತ್ಯದಲ್ಲಿ ಬೇರೊಬ್ಬನಿಲ್ಲ. ಮುಕ್ತಾಯಕ್ಕ, ಸಿದ್ಧರಾಮ, ಅಕ್ಕಮಹಾದೇವಿ ಎಲ್ಲರೂ ಅವನ ಪ್ರಶ್ನೆಗಳ ಕಟಕಟೆಯಲ್ಲಿ ನಿಂತವರೇ. ಅವರ ಮಾತಿನಲ್ಲಿ ಎಲ್ಲಿ ಬಿರುಕಿದೆಯೆಂಬುದನ್ನು ಅವನು ಒಂದೇ ನೋಟದಲ್ಲಿ ಹಿಡಿಯುತ್ತಾನೆ. ಆದರೆ ನನ್ನ ಒರೆಗಲ್ಲಿಗೆ ಹಚ್ಚಿ ನೋಡಿದರೆ ತೊಡಕು ಕಾಣುತ್ತದೆ. ಅಲ್ಲಮನ ಪ್ರಶ್ನೆ ಕೊಂದವರಾರೆಂಬುದಲ್ಲ; ‘ನಾನು’ ಎನ್ನುವವನಾರೆಂಬುದು. ಕೊಂದವ, ಸತ್ತವ ಎಂಬ ಎರಡನ್ನೂ ಅಳಿಸಿ ನಿಲ್ಲುವ ದೃಷ್ಟಿಯಿಂದ ಆಪಾದನಾಪತ್ರವನ್ನು ಬರೆಯಲಾಗದು. ಅವನನ್ನು ಶಾಸನಬದ್ಧ ವಿಚಾರಕನನ್ನಾಗಿ ಮಾಡಿದ ಕಾದಂಬರಿಕಾರನು ಅಲ್ಲಮನನ್ನು ಕಳೆದುಕೊಳ್ಳುತ್ತಾನೆ. ಅಲ್ಲಮನನ್ನು ಉಳಿಸಿಕೊಂಡವನು ಪತ್ತೇದಾರಿಯನ್ನು ಕಳೆದುಕೊಳ್ಳುತ್ತಾನೆ.

ಇದಕ್ಕಿಂತ ದೊಡ್ಡದೊಂದು ತೊಡಕಿದೆ. ಅದನ್ನು ಮರೆಮಾಚಿ ಬರೆಯುವುದು ಸಾಧುವಲ್ಲ. ಅರಿಸ್ಟಾಟಲನನ್ನು ಪತ್ತೇದಾರನನ್ನಾಗಿ ಮಾಡಿದ್ದಕ್ಕೆ ಡೂಡಿಯವರನ್ನು ಯಾರೂ ಬೀದಿಯಲ್ಲಿ ತಡೆಯಲಿಲ್ಲ; ಕಾಂಟನನ್ನು ಶಂಕಿಸಿದ ದಂಪತಿಗಳ ಪುಸ್ತಕವನ್ನು ಯಾವ ಸರ್ಕಾರವೂ ಮುಟ್ಟುಗೋಲು ಹಾಕಲಿಲ್ಲ. ನಮ್ಮಲ್ಲಿ ಪಿ. ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಯನ್ನು ಸರ್ಕಾರ ಮುಟ್ಟುಗೋಲು ಹಾಕಿತು. 2007ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ‘ಮಹಾಚೈತ್ರ’ ಪಠ್ಯವಾದ ಮೇಲೆ ವಿವಾದಕ್ಕೆ ಗುರಿಯಾಯಿತು. ವಚನಸಾಹಿತ್ಯದ ಕಡತಗಳನ್ನು ಪತ್ತೇದಾರನ ನಿಷ್ಠುರತೆಯಿಂದ ಬಿಡಿಸಿ ನೋಡಿದ ಎಂ. ಎಂ. ಕಲಬುರ್ಗಿಯವರು ‘ಮಾರ್ಗ’ದ ಮೊದಲ ಸಂಪುಟದ ಕೆಲವು ನಿರ್ಣಯಗಳನ್ನು 1989ರಲ್ಲಿ ಒತ್ತಡಕ್ಕೆ ಸಿಕ್ಕಿ ಹಿಂತೆಗೆದುಕೊಳ್ಳಬೇಕಾಯಿತು. ಅವರು ಕಲ್ಯಾಣದ ಪತನವನ್ನೇ ಕುರಿತು ‘ಕೆಟ್ಟಿತ್ತು ಕಲ್ಯಾಣ’ವೆಂಬ ನಾಟಕವನ್ನೂ ಬರೆದರು. 2015ರ ಆಗಸ್ಟ್ 30ರಂದು ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ತಮ್ಮ ಮನೆಯ ಬಾಗಿಲಲ್ಲಿ ಅವರು ಗುಂಡೇಟಿಗೆ ಬಲಿಯಾದರು. ಈ ವಾಕ್ಯವನ್ನು ಬರೆದು ಸ್ವಲ್ಪ ಹೊತ್ತು ಲೇಖನಿಯನ್ನು ಕೆಳಗಿಟ್ಟೆ. ಪ್ರಮಾಣಗಳನ್ನು ಹುಡುಕಿ ಹೊರಟವನೇ ಹತನಾಗುವ ಕಥೆಯನ್ನು ಪತ್ತೇದಾರಿ ಪ್ರಕಾರ ತನ್ನ ನಿಯಮಗಳೊಳಗೆ ಸೇರಿಸಿಕೊಂಡಿಲ್ಲ.

ಇದನ್ನೆಲ್ಲ ನೋಡಿದ ಮೇಲೂ ಈ ಪ್ರಭೇದ ಕನ್ನಡಕ್ಕೆ ಒಗ್ಗದೆಂದು ನಾನು ಹೇಳಲಾರೆ. ಪತ್ತೇದಾರನನ್ನು 1167ರಲ್ಲಿ ಹುಡುಕಿದ್ದೇ ತಪ್ಪಾಗಿರಬಹುದು. 1369ಕ್ಕೆ ಬನ್ನಿ. ಭೀಮಕವಿಯ ಮುಂದೆ ಸೋಮನಾಥನ ತೆಲುಗು ಗ್ರಂಥ ತೆರೆದಿದೆ. ಅವನು ಅದನ್ನು ಬರಿದೆ ಭಾಷಾಂತರಿಸುತ್ತಿಲ್ಲ. ಕೆಲವನ್ನು ಬಿಡುತ್ತಾನೆ, ಕೆಲವನ್ನು ಬೆಳೆಸುತ್ತಾನೆ, ದ್ವಿಪದಿಯಿಂದ ಷಟ್ಪದಿಗೆ ತಿರುಗಿಸುತ್ತಾನೆ. ಸುತ್ತಮುತ್ತ ಜನರ ಬಾಯಲ್ಲಿ ಬೇರೆ ಬೇರೆ ಕಥೆಗಳು ಓಡಾಡುತ್ತಿದ್ದಿರಬೇಕು. ಎರಡು ಶತಮಾನಗಳ ಹಿಂದಿನ ಒಂದು ಸಾವನ್ನು ಅವನು ಯಾವ ಮಾತುಗಳಲ್ಲಿ ಹೇಳಬೇಕು, ಯಾವ ಹೇಳಿಕೆಯನ್ನು ನಂಬಬೇಕು? ಆಪ್ತವಾಕ್ಯವೇ ಪ್ರಮಾಣವಾದ ಲೋಕದಲ್ಲಿ ಆಪ್ತನಾರೆಂದು ನಿರ್ಣಯಿಸುವುದಕ್ಕಿಂತ ಕಷ್ಟವಾದ ಪತ್ತೇದಾರಿಕೆ ಯಾವುದು? ಅಂಥ ಕಾದಂಬರಿಯಲ್ಲಿ ಕವಿಯ ಹೆಸರನ್ನು ತೆಗೆದರೆ ಕಥೆ ನಿಲ್ಲಲಾರದು.

ಕಾದಂಬರಿ ಬರಲಿ, ಬಿಡಲಿ. ಅದಕ್ಕೆ ಮೊದಲು ಆಗಬೇಕಾದ ಕೆಲಸವೊಂದು ನಮ್ಮ ಕೈಯಲ್ಲಿಯೇ ಇದೆ. ಸೋಮನಾಥನ ಬಸವಪುರಾಣದ ಕೊನೆಯ ಆಶ್ವಾಸವನ್ನೂ ಭೀಮಕವಿಯ ಅದೇ ಕಥಾಭಾಗವನ್ನೂ ಎದುರುಬದುರಾಗಿಟ್ಟು, ಪಂಕ್ತಿ ಪಂಕ್ತಿಯಾಗಿ ಓದಿ, ಕೊಲೆಯ ಪ್ರಸಂಗದಲ್ಲಿ ಯಾವ ಹೆಸರು, ಯಾವ ಆಯುಧ, ಯಾವ ಬಾಗಿಲು ತೆಲುಗಿನಲ್ಲಿದ್ದು ಕನ್ನಡದಲ್ಲಿ ಕಳಚಿಹೋಗಿದೆ, ಯಾವುದು ಕನ್ನಡದಲ್ಲಿ ಹೊಸದಾಗಿ ಸೇರಿದೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಜೊತೆಗೆ 1584ರ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣವನ್ನೂ, ಪಿ. ಬಿ. ದೇಸಾಯಿಯವರು ಹೈದರಾಬಾದು ರಾಜ್ಯದ ಕನ್ನಡ ಜಿಲ್ಲೆಗಳಿಂದ ಸಂಗ್ರಹಿಸಿ ಸಂಪಾದಿಸಿದ ಶಾಸನಗಳನ್ನೂ ಇಟ್ಟುಕೊಳ್ಳಬೇಕು. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತೆಲುಗನ್ನೂ ಆಡಿಕೊಂಡು ಬೆಳೆದವರು ಈ ನಗರದಲ್ಲಿ ಸಾಕಷ್ಟಿದ್ದಾರೆ. ನಾಲ್ಕಾರು ಮಂದಿ ಸೇರಿ ವಾರಕ್ಕೊಂದು ಸಂಜೆ ಕುಳಿತರೆ ಒಂದು ವರ್ಷದಲ್ಲಿ ಮುಗಿಯಬಹುದು.